ಗಡಿನಾಡಿನ ಹರೆಯ ಕಾಯುತ್ತಿರುವ ಪ್ರೇಮಕಥೆ

ಹದಿಮೂರು ಹದಿನಾಲ್ಕರಿಂದ ಹದಿನೆಂಟರವರೆಗಿನ ಓದುಗರನ್ನು ಕಣ್ಣೆದುರಿಗಿಟ್ಟುಕೊಂಡು, ಅದೇ ವಯಸ್ಸಿನ ಪಾತ್ರಗಳ ಮೊದಲ ಒಲವನ್ನು ಆ ಪಾತ್ರಗಳ ದೃಷ್ಟಿಯಿಂದಲೇ ಹೇಳುವ ಕಾದಂಬರಿಗಳನ್ನು ಪುಸ್ತಕಲೋಕವು ‘ಯಂಗ್ ಅಡಲ್ಟ್ ರೊಮಾನ್ಸ್’ ಎಂದು, ಎಂದರೆ ಹದಿಹರೆಯದ ಪ್ರೇಮಕಥನವೆಂದು, ಪ್ರತ್ಯೇಕವಾಗಿ ಗುರುತಿಸುತ್ತದೆ. ಅಮೆರಿಕದ ಮೌರೀನ್ ಡೇಲಿ 1942ರಲ್ಲಿ ಪ್ರಕಟಿಸಿದ ‘ಸೆವೆಂಟೀನ್ತ್ ಸಮ್ಮರ್’ ಈ ಬಗೆಯ ಆರಂಭದ ಕೃತಿಗಳಲ್ಲಿ ಒಂದೆಂದು ಎಣಿಸಲ್ಪಟ್ಟಿದೆ. ಜಾನ್ ಗ್ರೀನ್‌ರ ‘ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್’ (2012) ಮತ್ತು ಜೆನ್ನಿ ಹಾನ್‌ರ ‘ಟು ಆಲ್ ದ ಬಾಯ್ಸ್ ಐ ಹ್ಯಾವ್ ಲವ್ಡ್ ಬಿಫೋರ್’ (2014) ಅದನ್ನು ಜಗತ್ತಿನ ಮೂಲೆಮೂಲೆಗೂ ಒಯ್ದಿವೆ. ಇಂಗ್ಲೆಂಡಿನ ಆಲಿಸ್ ಓಸ್ಮನ್‌ರ ಚಿತ್ರಕಾದಂಬರಿ ‘ಹಾರ್ಟ್‌ಸ್ಟಾಪರ್’ನ ಐದನೆಯ ಸಂಪುಟ 2023ರಲ್ಲಿ ಬಂದ ಮೇಲೆ ಕೊನೆಯ ಸಂಪುಟಕ್ಕಾಗಿ ಓದುಗರು ವರ್ಷಗಟ್ಟಲೆ ಕಾದದ್ದು, ಈ ಬಗೆಯ ಕಥೆಗಳಿಗೆ ಎಳೆಯರು ಎಷ್ಟು ಗಾಢವಾಗಿ ಅಂಟಿಕೊಳ್ಳುತ್ತಾರೆಂಬುದಕ್ಕೆ ಸಾಕ್ಷಿ. ಇಂಥ ಕಥನದಲ್ಲಿ ಪ್ರೇಮವು ಮದುವೆಯಲ್ಲಿ ಮುಗಿಯಬೇಕೆಂಬ ನಿಯಮವಿಲ್ಲ. ಅದು ಮುರಿದುಹೋದರೂ, ಆ ಅನುಭವದಿಂದ ಹುಡುಗಿಯೋ ಹುಡುಗನೋ ತಮ್ಮನ್ನು ತಾವು ಎಷ್ಟು ಅರಿತರು ಎಂಬುದೇ ಅಲ್ಲಿ ಕಥೆಯ ತಿರುಳು.

ಈ ವರ್ಗದ ಪುಸ್ತಕಗಳನ್ನು ಬೆಂಗಳೂರಿನ ದೊಡ್ಡ ಅಂಗಡಿಗಳ ಇಂಗ್ಲಿಷ್ ಕಪಾಟುಗಳಲ್ಲಿ ನೋಡುವುದಕ್ಕಿಂತ, ಬೆಳಗಾವಿ ಜಿಲ್ಲೆಯ ಉತ್ತರ ಅಂಚಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ನಿಂತು ನೋಡಿದರೆ ಪ್ರಶ್ನೆ ಹೆಚ್ಚು ಸ್ಪಷ್ಟವಾಗುತ್ತದೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರುಂಡ ಈ ಸೀಮೆಯಲ್ಲಿ ರಾಯಬಾಗವು ಹಿಂದೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಇಡೀ ಜಿಲ್ಲೆಯೇ ಮುಂಬೈ ರಾಜ್ಯದಲ್ಲಿತ್ತು. ನಿಪ್ಪಾಣಿಯಲ್ಲಿ ಕನ್ನಡ ಶಾಲೆಯೂ ಮರಾಠಿ ಶಾಲೆಯೂ ಅಕ್ಕಪಕ್ಕದಲ್ಲಿ ನಡೆಯುತ್ತವೆ, ಮಿರಜದಿಂದ ಹೊರಟ ರೈಲು ಶೇಡಬಾಳ, ಉಗಾರ ಖುರ್ದ, ಕುಡಚಿ, ಚಿಂಚಲಿ, ರಾಯಬಾಗಗಳನ್ನು ದಾಟಿ ಬೆಳಗಾವಿಯತ್ತ ಸಾಗುತ್ತದೆ, ಮತ್ತು ಒಂದೇ ಮನೆಯಲ್ಲಿ ಅಜ್ಜಿ ಒಂದು ಭಾಷೆಯಲ್ಲಿ ಹಾಡಿದ್ದನ್ನು ಮೊಮ್ಮಗಳು ಇನ್ನೊಂದರಲ್ಲಿ ಓದುವುದು ಇಲ್ಲಿ ಯಾರಿಗೂ ಸೋಜಿಗವಲ್ಲ. ಹೀಗೆ ಎರಡು ಸಾಹಿತ್ಯಗಳ ಬಾಗಿಲು ತೆರೆದಿರುವ ಕಡೆ ಹದಿನಾರರ ಹುಡುಗಿಗೆ ಓದಲು ಸಿಗುವ ಪ್ರೇಮಕಥೆ ಯಾವುದು, ಆಕೆ ಯಾವುದಕ್ಕಾಗಿ ಕಾಯುತ್ತಾಳೆ ಎಂಬುದು ಕೇಳಬೇಕಾದ ಪ್ರಶ್ನೆ.

ಉತ್ತರ ಕರ್ನಾಟಕದಲ್ಲಿ ಕಾದಂಬರಿಯ ಓದು ಬೆಳೆದದ್ದೇ ಈ ಎರಡು ಭಾಷೆಗಳ ಕೊಡುಕೊಳ್ಳುವಿಕೆಯಿಂದ. ಗಳಗನಾಥರು ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದು, ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿ, ಕನ್ನಡದ ಓದುಗರನ್ನು ಒಬ್ಬೊಬ್ಬರನ್ನಾಗಿ ಸಂಪಾದಿಸಿದರು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ನೆಚ್ಚಿ ಪುಸ್ತಕ ಪ್ರಕಟಿಸುವ ಪದ್ಧತಿಯನ್ನು ರೂಢಿಸಿತು. ಓದುಗನು ಮೊದಲೇ ಹಣ ಕಟ್ಟಿ, ವರ್ಷದ ಪುಸ್ತಕಗಳು ಅಂಚೆಯಲ್ಲಿ ಬರುವುದನ್ನು ಎದುರು ನೋಡುತ್ತಿದ್ದನು. ಮುಂದೆ ವಾರಪತ್ರಿಕೆಗಳ ಧಾರಾವಾಹಿಗಳು ಈ ನಿರೀಕ್ಷೆಯನ್ನು ವಾರದ ಅಳತೆಗೆ ಇಳಿಸಿದವು. 1965ರಲ್ಲಿ ‘ಸುಧಾ’, 1983ರಲ್ಲಿ ‘ತರಂಗ’ ಬಂದ ಮೇಲೆ ಕಂತಿನ ಕೊನೆಯಲ್ಲಿ ಕಥೆ ನಿಂತ ಜಾಗವೇ ಮುಂದಿನ ಸಂಚಿಕೆಯವರೆಗೆ ಹೆಂಗಳೆಯರ ಮಾತಿಗೆ ವಸ್ತುವಾಯಿತು.

ಆ ಧಾರಾವಾಹಿಗಳನ್ನೂ ಅವುಗಳಿಂದ ಹುಟ್ಟಿದ ಜನಪ್ರಿಯ ಕಾದಂಬರಿಗಳನ್ನೂ ಪಂಡಿತರು ಹಗುರವಾಗಿ ಕಂಡದ್ದು ಅನ್ಯಾಯ. ಕೃಷ್ಣಮೂರ್ತಿ ಪುರಾಣಿಕರ ಕೌಟುಂಬಿಕ ಕಾದಂಬರಿಗಳು, ತ್ರಿವೇಣಿಯವರ ಮನಸ್ಸಿನ ಕಥೆಗಳು, ಎಂ.ಕೆ. ಇಂದಿರಾ, ವಾಣಿ, ಸಾಯಿಸುತೆಯವರ ಕೃತಿಗಳು ಶಾಲೆ ಬಿಟ್ಟ ಹೆಣ್ಣುಮಕ್ಕಳನ್ನೂ ಓದುಗರಾಗಿ ಉಳಿಸಿದವು. ತ್ರಿವೇಣಿಯವರ ‘ಬೆಳ್ಳಿ ಮೋಡ’ದ ಇಂದಿರೆ, ಆಸ್ತಿಯ ಆಸೆಗೆ ತನ್ನನ್ನು ಒಪ್ಪಿ, ಆಸ್ತಿ ಕೈತಪ್ಪಿದಾಗ ತನ್ನನ್ನೇ ಬಿಟ್ಟ ಮೋಹನನು ಮರಳಿ ಕೈ ಚಾಚಿದಾಗ ಬೇಡವೆನ್ನುತ್ತಾಳೆ; ಹದಿಹರೆಯದ ಓದುಗರಿಗೆ ಇದಕ್ಕಿಂತ ಒಳ್ಳೆಯ ಪ್ರೇಮಕಥೆಯನ್ನು ಹುಡುಕಿ ಕೊಡುವುದು ಇಂದಿಗೂ ಕಷ್ಟ. ಆದರೂ ಈ ಪರಂಪರೆಯಲ್ಲಿ ಬಹುಪಾಲು ಕಥೆಗಳು ಮದುವೆಯ ಸುತ್ತಲೇ ಸುತ್ತುತ್ತವೆ ಎಂಬುದು ನಿಜ: ನಿಶ್ಚಿತಾರ್ಥ, ಅತ್ತೆಯ ಮನೆ, ತ್ಯಾಗ, ಮರುಮಿಲನ. ನಾಯಕಿಗೆ ವಯಸ್ಸು ಹದಿನೆಂಟು ಇದ್ದಾಗಲೂ ಅವಳ ಮುಂದಿರುವ ಪ್ರಶ್ನೆ ‘ಯಾರ ಮನೆ ತುಂಬಬೇಕು’ ಎಂಬುದೇ ಆಗಿರುತ್ತದೆ. ಕಾಲೇಜಿನ ಮೊದಲ ವರ್ಷದ ಗೊಂದಲ, ಗೆಳತಿಯೊಡನೆ ಮುನಿಸು, ಹೇಳಲಾಗದೆ ಉಳಿದ ಮಾತು ಇವೆಲ್ಲ ಮದುವೆಯ ಚಪ್ಪರದ ಹೊರಗೇ ನಿಂತುಬಿಡುತ್ತವೆ.

ಮರಾಠಿಯ ಕಡೆಗೆ ತಿರುಗಿದರೆ ಚಿತ್ರ ಸ್ವಲ್ಪ ಬೇರೆ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನಾ.ಸೀ. ಫಡಕೆಯವರು ಕಾಲೇಜು ತರುಣ ತರುಣಿಯರ ಪ್ರೇಮವನ್ನೇ ಕಾದಂಬರಿಯ ಮುಖ್ಯ ವಸ್ತುವಾಗಿಸಿದರು. ಅದೇ ಊರಿನಲ್ಲಿ ನೆಲೆಸಿದ್ದ ವಿ.ಸ. ಖಾಂಡೇಕರರು 1959ರ ‘ಯಯಾತಿ’ಯಲ್ಲಿ ಪುರಾಣದ ಕಥೆಯ ಮೂಲಕ ಕಾಮಕ್ಕೂ ಪ್ರೇಮಕ್ಕೂ ಇರುವ ಅಂತರವನ್ನು ಶೋಧಿಸಿದರು. ಬೆಳಗಾವಿ ಸೀಮೆಯವರೇ ಆದ ವಿ.ಎಂ. ಇನಾಂದಾರರು ಆ ಕೃತಿಯನ್ನು ಕನ್ನಡಿಸಿದ್ದರಿಂದ ದೇವಯಾನಿ ಶರ್ಮಿಷ್ಠೆಯರು ಗಡಿಯ ಈಚೆಯ ಓದುಗರಿಗೂ ದಕ್ಕಿದರು.

ಗಡಿನಾಡಿನ ಹದಿಹರೆಯಕ್ಕೆ ಇವೆರಡಕ್ಕಿಂತ ಹತ್ತಿರದ ಬರವಣಿಗೆ ಇನ್ನೊಂದಿದೆ, ಮತ್ತು ಅದರ ಬಗ್ಗೆ ಕನ್ನಡದಲ್ಲಿ ಇನ್ನಷ್ಟು ಮಾತು ನಡೆಯಬೇಕಾಗಿದೆ. ನಿಪ್ಪಾಣಿಯ ಬಳಿಯ ತವಂದಿ ಮರಾಠಿಯ ಹೆಸರಾಂತ ಕವಯಿತ್ರಿ ಇಂದಿರಾ ಸಂತರ ಮನೆತನದ ಊರು. ಅವರು ಬೆಳಗಾವಿಯಲ್ಲಿ ಬಾಳಿ, ಪತಿ ನಾರಾಯಣ ಸಂತರೊಡನೆ ‘ಸಹವಾಸ’ ಎಂಬ ಕವನಸಂಕಲನವನ್ನು ಪ್ರಕಟಿಸಿ, ಪತಿಯ ಅಕಾಲ ಮರಣದ ಬಳಿಕ ದಶಕಗಳ ಕಾಲ ಅಗಲಿಕೆಯ ಕವಿತೆಗಳನ್ನು ಬರೆದರು. ಅವರ ಮಗ ಪ್ರಕಾಶ ನಾರಾಯಣ ಸಂತರು 1994ರ ‘ವನವಾಸ’ದಿಂದ ಮೊದಲುಗೊಂಡು ‘ಶಾರದಾ ಸಂಗೀತ’, ‘ಪಂಖಾ’, ‘ಝುಂಬರ’ ಎಂಬ ನಾಲ್ಕು ಸಂಕಲನಗಳಲ್ಲಿ ಲಂಪನ್ ಎಂಬ ಹುಡುಗನ ಕಥೆ ಹೇಳಿದರು. ತಂದೆತಾಯಿಯರಿಂದ ದೂರವಾಗಿ ಗಡಿಸೀಮೆಯ ಊರೊಂದರಲ್ಲಿ ಅಜ್ಜ ಅಜ್ಜಿಯರ ಬಳಿ ಬೆಳೆಯುವ ಲಂಪನ್‌ನಿಗೆ ಸುಮಿ ಎಂಬ ಹುಡುಗಿಯ ಮೇಲೆ ಮೂಡುವ ಭಾವಕ್ಕೆ ಅವನ ಬಳಿ ಹೆಸರಿಲ್ಲ; ಅವಳಿದ್ದಾಗ ಒಂದು ಬಗೆಯ ಸಂಕೋಚ, ಅವಳಿಲ್ಲದಾಗ ಇನ್ನೊಂದು ಬಗೆಯ ಕಳವಳ ಅಷ್ಟೇ ಅವನಿಗೆ ಗೊತ್ತು. ಲೇಖಕರು ಆ ಭಾವವನ್ನು ಎಲ್ಲಿಯೂ ದೊಡ್ಡವರ ಪ್ರೇಮವೆಂದು ಹಿಗ್ಗಿಸುವುದಿಲ್ಲ, ಬಾಲಿಶವೆಂದು ತಳ್ಳಿಹಾಕುವುದೂ ಇಲ್ಲ. ಅವರ ಮರಾಠಿಯಲ್ಲಿ ಕನ್ನಡದ ಪದಗಳೂ ಮಾತಿನ ಏರಿಳಿತಗಳೂ ಧಾರಾಳವಾಗಿ ಬೆರೆತಿರುವುದರಿಂದ, ಪುಣೆಯ ಓದುಗನಿಗಿಂತ ಚಿಕ್ಕೋಡಿಯ ಓದುಗನಿಗೆ ಆ ಪುಟಗಳು ಹೆಚ್ಚು ಆಪ್ತವಾಗುವುದು ಸಹಜ. 2024ರಲ್ಲಿ ಸೋನಿ ಲಿವ್ ವೇದಿಕೆಯಲ್ಲಿ ‘ಲಂಪನ್’ ಸರಣಿಯಾಗಿ ಬಂದ ಮೇಲೆ ಹೊಸ ಪೀಳಿಗೆಯೂ ಈ ಕಥೆಗಳತ್ತ ತಿರುಗಿದೆ. ಮೊದಲ ಒಲವನ್ನು ಹೇಗೆ ಬರೆಯಬೇಕೆಂಬುದಕ್ಕೆ ಮಾದರಿ ಬೇಕಾದವರು ನ್ಯೂಯಾರ್ಕಿನ ಜನಪ್ರಿಯ ಪುಸ್ತಕಗಳ ಪಟ್ಟಿಗಳಿಗಿಂತ ಮೊದಲು ಈ ನಾಲ್ಕು ಪುಸ್ತಕಗಳನ್ನು ಓದುವುದು ಒಳ್ಳೆಯದು.

ಪುಸ್ತಕ ತಲುಪದ ಮನೆಗಳಿಗೂ ಪ್ರೇಮಕಥೆ ತಲುಪಿಯೇ ಇದೆ, ಹಾಡಿನ ರೂಪದಲ್ಲಿ. ಬೆಳಗಾವಿ, ಬಾಗಲಕೋಟೆ ಸೀಮೆಯ ಬಯಲಾಟವಾದ ಶ್ರೀಕೃಷ್ಣ ಪಾರಿಜಾತವು ಒಂದು ಹೂವಿನ ನೆಪದಲ್ಲಿ ಸತ್ಯಭಾಮೆಯ ಮುನಿಸು, ಮತ್ಸರ, ಒಲವುಗಳನ್ನು ರಾತ್ರಿಯಿಡೀ ಆಡಿ ತೋರಿಸುತ್ತದೆ; ಕುಲಗೋಡ ತಮ್ಮಣ್ಣ ಅದಕ್ಕೆ ರೂಪ ಕೊಟ್ಟವರಲ್ಲಿ ಪ್ರಮುಖ, ಕೌಜಲಗಿ ನಿಂಗಮ್ಮ ಅದನ್ನು ನಾಡಿಗೆಲ್ಲ ಪರಿಚಯಿಸಿದ ಕಲಾವಿದೆ. ಇಂದು ಆ ಜಾಗದಲ್ಲಿ ಯುಟ್ಯೂಬಿನ ‘ಜಾನಪದ ಸಾಂಗ್’ ಇದೆ. ರಾಯಬಾಗ ತಾಲ್ಲೂಕಿನ ನಿಪನಾಳದ ಗಾಯಕ ಮಾಳು ನಿಪನಾಳರ ‘ನಾ ಡ್ರೈವರಾ’ ಹಾಡು ಕೋಟಿಗಟ್ಟಲೆ ಬಾರಿ ಕೇಳಲ್ಪಟ್ಟಿದ್ದು, ವಾಹನ ಓಡಿಸುವ ಹುಡುಗನ ಪ್ರೇಮವನ್ನು ಇಲ್ಲಿಯ ಆಡುಮಾತಿನಲ್ಲೇ ಹೇಳುತ್ತದೆ. ಇಂಥ ಹಾಡುಗಳ ಅಭಿರುಚಿಯ ಬಗ್ಗೆ ತಕರಾರು ಇರಬಹುದು, ಕೆಲವು ಹಾಡುಗಳಲ್ಲಿ ಹುಡುಗಿಯನ್ನು ದೂಷಿಸುವ ಧಾಟಿಗೆ ತಕರಾರು ಇರಲೇಬೇಕು. ಆದರೆ ಟ್ರ್ಯಾಕ್ಟರು, ಕಬ್ಬಿನ ಹಂಗಾಮು, ಜಾತ್ರೆ, ಬಸ್‌ಸ್ಟ್ಯಾಂಡುಗಳ ನಡುವಿನ ಹರೆಯವನ್ನು ಅದರದೇ ನುಡಿಯಲ್ಲಿ ಗುರುತಿಸಿದ್ದು ಈ ಹಾಡುಗಳೇ ಎಂಬುದನ್ನು ಕಾದಂಬರಿಕಾರರು ಒಪ್ಪಿಕೊಳ್ಳಬೇಕು.

ಸದ್ಯದ ಓದಿನಲ್ಲಿ ದೊಡ್ಡ ಪಾಲು ಮೊಬೈಲಿನದು. 2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರತಿಲಿಪಿ ಎಂಬ ವೇದಿಕೆಯಲ್ಲಿ ಯಾರು ಬೇಕಾದರೂ ಬರೆಯಬಹುದು. ಕನ್ನಡವೂ ಮರಾಠಿಯೂ ಒಂದೇ ಆ್ಯಪ್‌ನಲ್ಲಿ ದೊರೆಯುವುದರಿಂದ ಗಡಿಯ ಓದುಗರಿಗೆ ಅದು ವಿಶೇಷವಾಗಿ ಒಗ್ಗುತ್ತದೆ. ಅಲ್ಲಿ ಪ್ರೇಮದ ಧಾರಾವಾಹಿಗಳು ಅಧ್ಯಾಯ ಅಧ್ಯಾಯವಾಗಿ ಬಿಡುಗಡೆಯಾಗುತ್ತವೆ. ಹಣ ಕೊಟ್ಟವರಿಗೆ ಮುಂದಿನ ಭಾಗ ಬೇಗ ತೆರೆಯುತ್ತದೆ, ಉಳಿದವರು ಕಾಯುತ್ತಾರೆ. ವಾರಪತ್ರಿಕೆಯ ಹಳೆಯ ಕಂತು ಹೀಗೆ ಹೊಸ ರೂಪ ತಳೆದಿದೆ, ಮತ್ತು ಗೃಹಿಣಿಯರು, ಶಿಕ್ಷಕಿಯರು, ವಿದ್ಯಾರ್ಥಿನಿಯರು ಸಂಪಾದಕರ ಅಪ್ಪಣೆಯಿಲ್ಲದೆ ಲೇಖಕಿಯರಾಗಿರುವುದು ಸಣ್ಣ ಸಾಧನೆಯಲ್ಲ. ಆದರೆ ಜನಪ್ರಿಯ ಕಥೆಗಳಲ್ಲಿ ಮತ್ತೆ ಮತ್ತೆ ಕಾಣುವುದು ಒಪ್ಪಂದದ ಮದುವೆ, ಒತ್ತಾಯದ ಮದುವೆ, ಕೋಪಿಷ್ಠ ಶ್ರೀಮಂತ ಗಂಡ, ಅವನ ದರ್ಪವನ್ನು ಸಹಿಸಿ ಗೆಲ್ಲುವ ಹೆಂಡತಿ. ದರ್ಪವನ್ನು ಪ್ರೀತಿಯ ಇನ್ನೊಂದು ಮುಖವೆಂದು ಹದಿನೈದರ ಹುಡುಗಿಗೆ ನಂಬಿಸುವ ಕಥೆ, ಅದು ಎಷ್ಟೇ ಓದಿಸಿಕೊಂಡು ಹೋದರೂ, ಅವಳಿಗೆ ಹಾನಿಯನ್ನೇ ಮಾಡುತ್ತದೆ.

ಈ ಆಕ್ಷೇಪ ಬರಿಯ ಅಭಿರುಚಿಗೆ ಸಂಬಂಧಿಸಿದ್ದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಮಹಿಳೆಯರಲ್ಲಿ ಶೇ 21.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. 2012ರ ಪೋಕ್ಸೊ ಕಾಯ್ದೆಯು, ಎಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾನೂನು, ಹದಿನೆಂಟರೊಳಗಿನವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ. ಇಂಥ ಕಡೆ ಹರೆಯದ ಒಲವು ಮನೆಯವರ ಭಯಕ್ಕೆ, ಅವಸರದ ಲಗ್ನಕ್ಕೆ, ಕೆಲವೊಮ್ಮೆ ಪೊಲೀಸ್ ಠಾಣೆಗೆ ದಾರಿಯಾಗುತ್ತದೆ. ಜಾತಿಯ ಗೆರೆ ದಾಟಿದ ಎಳೆಯರ ಪ್ರೇಮ ಯಾವ ಬೆಲೆ ತೆರಬೇಕಾಗುತ್ತದೆಂಬುದನ್ನು ನಾಗರಾಜ ಮಂಜುಳೆಯವರ ಮರಾಠಿ ಚಲನಚಿತ್ರ ‘ಸೈರಾಟ್’ (2016) ತೋರಿಸಿತು. ಮರುವರ್ಷ ಅದು ‘ಮನಸು ಮಲ್ಲಿಗೆ’ಯಾಗಿ ಕನ್ನಡಕ್ಕೂ ಬಂತು. ಬೇಡವೆನ್ನುವ ಹಕ್ಕು, ಕಾಯುವ ತಾಳ್ಮೆ, ಓದು ಮುಗಿಸುವ ಹಟ ಇವನ್ನು ಉಪದೇಶವಿಲ್ಲದೆ ಹೇಳಲು ಒಳ್ಳೆಯ ಪ್ರೇಮಕಾದಂಬರಿಗಿಂತ ತಕ್ಕ ಸಾಧನ ಬೇರೆ ಸಿಗುವುದು ಕಷ್ಟ.

ಅಂಥ ಕಾದಂಬರಿಗೆ ಬೇಕಾದ ನೆಲ ಇಲ್ಲಿ ಹಿಂದೆಯೇ ಹದಗೊಂಡಿದೆ. 1918ರಲ್ಲಿ ಶೇಡಬಾಳದಲ್ಲಿ ಹುಟ್ಟಿದ ಮಿರ್ಜಿ ಅಣ್ಣಾರಾಯರು ಶಾಲಾ ಶಿಕ್ಷಕರಾಗಿದ್ದುಕೊಂಡು, ತಮ್ಮ ‘ನಿಸರ್ಗ’ದಲ್ಲಿ ಈ ಸೀಮೆಯ ಜೈನ ರೈತ ಕುಟುಂಬಗಳ ಬಾಳನ್ನು, ಮರಾಠಿಯ ಸೋಂಕಿರುವ ಇಲ್ಲಿಯ ಕನ್ನಡವನ್ನು ಕಾದಂಬರಿಯೊಳಕ್ಕೆ ತಂದರು. ಗೋಕಾಕ ಸೀಮೆಯ ಬೆಟಗೇರಿ ಕೃಷ್ಣಶರ್ಮರು ‘ನಲ್ವಾಡುಗಳು’ ಸಂಕಲನದಲ್ಲಿ ಹಳ್ಳಿಯ ನುಡಿಗಟ್ಟಿನಲ್ಲೇ ಒಲವನ್ನು ಹಾಡಿದರು. ಇವರ ಮುಂದಿನ ಪೀಳಿಗೆಗಳಿಂದ ಬರಬೇಕಾದದ್ದು ಈ ಕಾಲದ ಕಥೆ: 2019ರ ಆಗಸ್ಟಿನ ಕೃಷ್ಣೆಯ ಪ್ರವಾಹದಲ್ಲಿ ಮನೆ ಬಿಟ್ಟು ಆಶ್ರಯ ಕೇಂದ್ರಕ್ಕೆ ಬಂದ ಇಬ್ಬರು, ನಿಪ್ಪಾಣಿಯ ತಂಬಾಕು ವಖಾರಿಯಲ್ಲಿ ತಾಯಿ ದುಡಿಯುತ್ತಿರುವಾಗ ಪಿಯುಸಿ ಓದುವ ಹುಡುಗಿ, ಮಿರಜದ ಗಾಡಿಯಲ್ಲಿ ಒಬ್ಬರು ಕನ್ನಡದಲ್ಲೂ ಒಬ್ಬರು ಮರಾಠಿಯಲ್ಲೂ ಮಾತಾಡಿಕೊಳ್ಳುವ ಗೆಳೆಯರು.

ಅಲ್ಲಿಯವರೆಗೆ ಇರುವುದನ್ನು ಒದಗಿಸುವ ಕೆಲಸವೂ ಬಾಕಿಯಿದೆ. ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರವು ಮಕ್ಕಳ ಪುಸ್ತಕಗಳಿಗೆ ಸಲ್ಲುತ್ತದೆ, ಯುವ ಪುರಸ್ಕಾರವು ಲೇಖಕರ ವಯಸ್ಸನ್ನು ನೋಡುತ್ತದೆ; ಹದಿಹರೆಯದ ಓದುಗರಿಗೆಂದೇ ಬರೆದ ಕೃತಿಗೆ ಈ ಎರಡರಲ್ಲೂ ಬೇರೆ ಸ್ಥಾನವಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವವೂ ಇದೆ. ಆ ಕೇಂದ್ರಗಳಲ್ಲಿ ಚಿಕ್ಕ ಮಕ್ಕಳ ಕಥೆಗಳಿಗೂ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಗೂ ನಡುವೆ ಒಂದು ಸಾಲನ್ನು ತೆರವು ಮಾಡಿ ‘ಬೆಳ್ಳಿ ಮೋಡ’ವನ್ನು ಇಡಬಹುದು, ತುಸು ದೊಡ್ಡವರಿಗೆ ‘ಯಯಾತಿ’ಯನ್ನೂ, ಲಿಸ್ಬನ್ನಿನ ಗೇಬ್ರಿಯಲ್ ಬೆಲ್ಲಾರ ಪ್ರೇಮವನ್ನು ತುಂಗಭದ್ರೆಯ ದಂಡೆಯವರೆಗೆ ತರುವ ವಸುಧೇಂದ್ರರ ‘ತೇಜೋ ತುಂಗಭದ್ರಾ’ವನ್ನೂ (2019) ಸೇರಿಸಬಹುದು. ಎರಡೂ ಲಿಪಿ ಬಲ್ಲ ಮಕ್ಕಳಿರುವ ನಿಪ್ಪಾಣಿ, ಕಾಗವಾಡ ತಾಲ್ಲೂಕುಗಳ ಕೇಂದ್ರಗಳಿಗೆ ಲಂಪನ್‌ನ ನಾಲ್ಕು ಮರಾಠಿ ಸಂಪುಟಗಳನ್ನು ಕೊಳ್ಳಲು ಅನುವಾದಕ್ಕಾಗಿ ಕಾಯುವ ಅಗತ್ಯವೂ ಇಲ್ಲ.