ಅಂಗಡಿ ಬಾಗಿಲು ಹಾಕದೆ ಡಿಸ್ಕಿನ ಕಪಾಟು ದೊಡ್ಡದು ಮಾಡುವ ವಿದ್ಯೆ

ಸಾಗರ, ಹೊಸನಗರ, ತೀರ್ಥಹಳ್ಳಿ ಪೇಟೆಗಳಲ್ಲಿ ಮದುವೆ ಸೀಜನ್ ಮುಗಿಯಿತೆಂದರೆ ಸ್ಟುಡಿಯೋದವರಿಗೆ ಇನ್ನೊಂದು ತಲೆನೋವು ಶುರು. ಎರಡು ಮೂರು ಕ್ಯಾಮೆರಾ ಇಟ್ಟು 4ಕೆ ವಿಡಿಯೋ ತೆಗೆದರೆ ಒಂದೇ ಮದುವೆ ನೂರಾರು ಜಿಬಿ ನುಂಗುತ್ತದೆ. ಹಳೇದು ಅಳಿಸೋ ಹಾಗಿಲ್ಲ. ನಾಲ್ಕು ವರ್ಷದ ಮೇಲೆ ಯಾರೋ ಬಂದು 'ನಮ್ಮ ಅಜ್ಜಿ ಇರೋ ಭಾಗ ಸಿಗ್ತದಾ?' ಅಂತ ಕೇಳುತ್ತಾರೆ. ಆ ಅಜ್ಜಿ ಈಗ ಇರುವುದು ಆ ಡಿಸ್ಕಿನಲ್ಲಿ ಮಾತ್ರ.

ಹಾಗಾಗಿ ತಿಳಿದವರು ಮೂರು ಡಿಸ್ಕು ಸೇರಿಸಿ 'ರೈಡ್-5' ಎಂಬ ಕಟ್ಟು ಮಾಡಿರುತ್ತಾರೆ. ಇದಕ್ಕೆ ದುಬಾರಿ ಕಾರ್ಡು ಬೇಡ, ಲಿನಕ್ಸ್ ತಂತ್ರಾಂಶವೇ ಸಾಕು. ರೈಡ್ ಎಂಬ ಹೆಸರು 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬುವರ ಪ್ರಬಂಧದಿಂದ ಬಂದದ್ದು. ಒಳಗಿನ ಲೆಕ್ಕ ಮಾತ್ರ ನಮ್ಮ ಮಂಡಿಯವರಿಗೆ ಹೊಸದಲ್ಲ. ಒಂದು ಪುಸ್ತಕದಲ್ಲಿ 7, ಇನ್ನೊಂದರಲ್ಲಿ 5, ಮೂರನೆಯದರಲ್ಲಿ ಮೊತ್ತ 12. ಯಾವುದೇ ಒಂದು ಪುಸ್ತಕ ಗೆದ್ದಲು ತಿಂದರೂ ಉಳಿದೆರಡರಿಂದ ಲೆಕ್ಕ ಹಿಡಿಯಬಹುದು. ಎರಡು ಹೋದರೆ? ಹೋಯ್ತು ಅಂದ್ರೆ ಹೋಯ್ತು.

4 ಟಿಬಿಯ ಮೂರು ಡಿಸ್ಕಿದ್ದರೆ ಬಳಕೆಗೆ ಸಿಗುವುದು 8 ಟಿಬಿ, ಒಂದರಷ್ಟು ಜಾಗ ತಾಳೆಲೆಕ್ಕಕ್ಕೆ. ಅದೂ ತುಂಬಿತು ಎನ್ನಿ. ನಾಲ್ಕನೆಯದು ಹಾಕಿದರೆ 12 ಟಿಬಿ. ಆದರೆ ಹಾಕಿದ ಮಾತ್ರಕ್ಕೆ ಆಗುವುದಿಲ್ಲ. ಮೂರು ಕಪಾಟಿನ ಸಾಮಾನನ್ನೆಲ್ಲ ಇಳಿಸಿ ನಾಲ್ಕಕ್ಕೆ ಹಂಚಬೇಕು, ಅದೂ ಗಿರಾಕಿ ಬರ್ತಾ ಇರುವಾಗಲೇ. ಲಿನಕ್ಸಿಗೆ ಈ ವಿದ್ಯೆ ಬಂದದ್ದು 2006ರಲ್ಲಿ.

ಕೆಲಸ ಮಾಡುವ ಸಾಧನದ ಹೆಸರು 'ಎಂಡಿಆ್ಯಡ್ಮ್'. ಅದರಲ್ಲಿ 'ಆ್ಯಡ್' ಎಂದರೆ ಹೊಸ ಡಿಸ್ಕು ಸಾಲಿಗೆ ಸೇರುತ್ತದೆ, 'ಗ್ರೋ' ಎಂದು ನಾಲ್ಕರ ಲೆಕ್ಕ ಕೊಟ್ಟರೆ ಹಂಚಿಕೆ ಶುರುವಾಗುತ್ತದೆ. ಇಲ್ಲೇ ಒಂದು ಗುಂಡಿ ಇದೆ ಮಾರಾಯ್ರೆ: 'ಗ್ರೋ' ಬದಲು 'ಕ್ರಿಯೇಟ್' ಅಂದರೆ ಅದು ಹೊಸ ಕಟ್ಟು ಕಟ್ಟಲು ಹೊರಡುತ್ತದೆ, ಹಳೆಯ ಮದುವೆಗಳೆಲ್ಲ ಮಣ್ಣು. ಮೊದಲು ಎಚ್ಚರಿಕೆ ಕೇಳುತ್ತದೆ, ನಿಜ. ಅವಸರದವನು 'ಎಸ್' ಒತ್ತಿಬಿಡುತ್ತಾನೆ.

ಡಿಸ್ಕನ್ನು ಗುರುತಿಸುವುದು ಮೈಮೇಲಿನ ಸೀರಿಯಲ್ ನಂಬರಿನಿಂದ. ಕಂಪ್ಯೂಟರ್ ಕೊಡುವ ಎ, ಬಿ, ಸಿ ಹೆಸರು ಆಫ್ ಮಾಡಿ ಆನ್ ಮಾಡಿದರೆ ಅದಲುಬದಲಾಗಬಹುದು. ಹೊಸದು ಹಳೆಯವಕ್ಕಿಂತ ಒಂದಿಷ್ಟೂ ಚಿಕ್ಕದಿರಬಾರದು.

ಕೊಳ್ಳುವಾಗಲೂ ಕೇಳಬೇಕು. 'ಎಸ್‌ಎಂಆರ್' ಎಂಬ ಜಾತಿಯ ಡಿಸ್ಕಿನಲ್ಲಿ ಹಂಚಿನ ಹಾಗೆ ಒಂದರ ಮೇಲೊಂದು ಸಾಲು ಬರೆದಿರುತ್ತದೆ, ತಿದ್ದಿ ಬರೆಯುವ ಕೆಲಸ ಬಂದರೆ ಏದುಸಿರು. ರೈಡಿಗೆ ಒಗ್ಗುವುದಿಲ್ಲ. ತನ್ನ 'ರೆಡ್' ಮಾಲಿನಲ್ಲಿ ಕೆಲವು ಇಂಥವೇ ಎಂದು ವೆಸ್ಟರ್ನ್ ಡಿಜಿಟಲ್ ಕಂಪನಿ 2020ರಲ್ಲಿ ಒಪ್ಪಿಕೊಂಡಿತು, ಗಿರಾಕಿಗಳು ಗಲಾಟೆ ಎಬ್ಬಿಸಿದ ಮೇಲೆ.

ಹಂಚಿಕೆ ಮುಗಿಯಲು ಒಂದು ದಿನಕ್ಕೂ ಮೀರಿ ಹಿಡಿಯಬಹುದು. ಅಷ್ಟು ಹೊತ್ತು ಎಲ್ಲ ಡಿಸ್ಕುಗಳೂ ಎಡೆಬಿಡದೆ ದುಡಿಯುತ್ತವೆ. ಮೊದಲೇ ಕೆಮ್ಮುತ್ತಿದ್ದ ಮುದಿ ಡಿಸ್ಕು ಆಗಲೇ ಮಲಗುವುದು. ಆದ್ದರಿಂದ ಹಿಂದಿನ ದಿನವೇ 'ಸ್ಮಾರ್ಟ್' ಪರೀಕ್ಷೆ ಮಾಡಿ, ಪೂರ್ತಿ ಕಟ್ಟಿನ ತಾಳೆ ನೋಡಿಕೊಂಡರೆ ಒಳ್ಳೆಯದು.

ಇನ್ನು ನಮ್ಮ ಊರುಗಳ ಖಾಯಂ ನೆಂಟ, ಕರೆಂಟು. ಜೋಗದ ಬಳಿ 1,035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರ ಇದೆ. ಆದರೂ ಆಗುಂಬೆ ಕಡೆ ಗುಡುಗಿದರೆ ತೀರ್ಥಹಳ್ಳಿಯಲ್ಲಿ ಮೇಣದಬತ್ತಿ ಹುಡುಕಬೇಕು. ಹಂಚಿಕೆ ನಡುವೆ ಕರೆಂಟು ಹೋದರೆ ಸಾಮಾನ್ಯವಾಗಿ ನಿಂತಲ್ಲಿಂದಲೇ ಮುಂದುವರಿಯುತ್ತದೆ, ಎಲ್ಲಿಗೆ ಬಂತೆಂಬುದು ಡಿಸ್ಕಿನಲ್ಲೇ ದಾಖಲಾಗಿರುತ್ತದೆ. ಶುರುವಿನ ಸ್ವಲ್ಪ ಹೊತ್ತು ಮಾತ್ರ ನಾಜೂಕು. ಅದಕ್ಕಾಗಿ ಬ್ಯಾಕಪ್ ಫೈಲು ಕೇಳಿದರೆ ಅದನ್ನು ಆ ಕಟ್ಟಿನೊಳಗೇ ಇಡಬಾರದು, ಬೇರೆ ಡಿಸ್ಕಿನಲ್ಲಿಡಬೇಕು. ಒಳ್ಳೆ ಯುಪಿಎಸ್ ಇರಲಿ. ಆಷಾಢದ ಮಳೆಯಲ್ಲಿ ಈ ಕೆಲಸಕ್ಕೆ ಕೈಹಾಕುವುದು ಬೇಡ, ಶಿವರಾತ್ರಿ ಆಸುಪಾಸು ವಾಸಿ.

ಹಂಚಿಕೆ ಮುಗಿದ ಮೇಲೂ 8 ಟಿಬಿಯೇ ಕಂಡರೆ ಗಾಬರಿಯಾಗಬೇಡಿ. ಕಪಾಟು ದೊಡ್ಡದಾಯಿತು, ಒಳಗಿನ ಫೈಲ್ ಸಿಸ್ಟಮ್ಮಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. 'ಎಕ್ಸ್ಟ್4' ಆದರೆ 'ರೀಸೈಜ್2ಎಫ್‌ಎಸ್', 'ಎಕ್ಸ್‌ಎಫ್‌ಎಸ್' ಆದರೆ 'ಎಕ್ಸ್‌ಎಫ್‌ಎಸ್ ಗ್ರೋಎಫ್‌ಎಸ್'. ಕೆಲವೇ ಕ್ಷಣದ ಕೆಲಸ.

ಕೊನೆಗೆ ಹಲವರಿಗೆ ರುಚಿಸದ ಮಾತು. ರೈಡ್ ಇದ್ದರೆ ಬ್ಯಾಕಪ್ ಇದ್ದಂತಲ್ಲ. ಸಿಡಿಲು ಬಡಿದರೆ ನಾಲ್ಕೂ ಡಿಸ್ಕು ಒಟ್ಟಿಗೆ ಸುಡುತ್ತವೆ, ಕೈತಪ್ಪಿ ಅಳಿಸಿದ ಫೈಲು ನಾಲ್ಕರಿಂದಲೂ ಒಟ್ಟಿಗೆ ಅಳಿಯುತ್ತದೆ. 'ಗ್ರೋ' ಅನ್ನುವ ಮೊದಲೇ ಪೂರ್ತಿ ಒಂದು ಪ್ರತಿ ಬೇರೆ ಡಿಸ್ಕಿಗೆ ಇಳಿಸಿ ಆ ಡಿಸ್ಕನ್ನು ಅಂಗಡಿಯಿಂದ ಹೊರಗೆ ಒಯ್ಯಬೇಕು. ಸಾಗರದವರಿಗೆ ಹೊಸನಗರದಲ್ಲಿ ಬೀಗರ ಮನೆ ಇದ್ದರೆ ಅಲ್ಲಿನ ಬೀರು ಸಾಕು. ಬಸ್ಸಿನಲ್ಲಿ ಒಯ್ಯುವಾಗ ಮೇಲಿನ ರ‍್ಯಾಕಿಗೆ ಎಸೆಯದೆ ತೊಡೆಯ ಮೇಲೆ ಇಟ್ಟುಕೊಳ್ಳಿ, ನಮ್ಮ ರಸ್ತೆಗಳ ಸಂಗತಿ ನಿಮಗೆ ಗೊತ್ತೇ ಇದೆ.