ಕಡಲಿಲ್ಲದ ಊರಿಗೆ ಬಂದ ಚಂಡಮಾರುತ

ಚಂಡಮಾರುತ ಎಂದೊಡನೆ ನಮಗೆ ಕರಾವಳಿ ನೆನಪಾಗುತ್ತದೆ. ದೋಣಿಗಳು ದಡ ಸೇರಿದವೇ, ಗಾಳಿಯ ವೇಗ ಎಷ್ಟು ಎಂದು ವಿಚಾರಿಸುತ್ತೇವೆ. ಗಾಳಿ ದಡ ದಾಟಿತೋ, ಸುದ್ದಿಯೂ ಮುಗಿಯಿತು. 2024ರ ಫೆಂಗಲ್ ಚಂಡಮಾರುತ ಈ ರೂಢಿಯ ಲೆಕ್ಕವನ್ನೇ ತಲೆಕೆಳಗು ಮಾಡಿತು. ನವೆಂಬರ್ 30ರ ರಾತ್ರಿ ಪುದುಚೇರಿಯ ಬಳಿ ದಡ ದಾಟುವಾಗ ಅದರ ಗಾಳಿ ಗಂಟೆಗೆ 70–80 ಕಿ.ಮೀ. ಅಷ್ಟೇ, ಚಂಡಮಾರುತಗಳ ಪೈಕಿ ಇದೇನೂ ಭಾರಿಯಲ್ಲ. ಆದರೆ ಅದು ಗಂಟೆಗಟ್ಟಲೆ ಅಲ್ಲೇ ಬೀಡುಬಿಟ್ಟು ಪುದುಚೇರಿಯಲ್ಲಿ ಒಂದೇ ದಿನ ಸುಮಾರು 49 ಸೆಂ.ಮೀ. ಮಳೆ ಸುರಿಸಿತು. ಬಳಿಕ ದುರ್ಬಲಗೊಂಡು ಪಶ್ಚಿಮಕ್ಕೆ ತೆವಳಿತು. ಗಾಳಿ ಸೋತರೂ ಕಡಲಿನ ತೇವ ಸೋಲಲಿಲ್ಲ. ಅದು ಒಳನಾಡಿನ ಶೇರ್ವರಾಯನ್ ಮತ್ತು ಜವ್ವಾದಿ ಬೆಟ್ಟಗಳಿಗೆ ಬಡಿದು ಮೇಲೇರಿ ಮತ್ತೆ ಮಳೆಯಾಯಿತು. ಡಿಸೆಂಬರ್ 2ರ ಬೆಳಗಿನ ಲೆಕ್ಕಕ್ಕೆ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೆಯಲ್ಲಿ 50 ಸೆಂ.ಮೀ., ಧರ್ಮಪುರಿ ಜಿಲ್ಲೆಯ ಅರೂರಿನಲ್ಲಿ 33 ಸೆಂ.ಮೀ. ಊತ್ತಂಗರೆಯಲ್ಲಿ ವರ್ಷವಿಡೀ ಬೀಳುವ ಮಳೆಯ ಅರ್ಧಕ್ಕೂ ಮಿಕ್ಕಿ ಒಂದೇ ದಿನ ಸುರಿದಿತ್ತು. ರಸ್ತೆ ಬದಿ ನಿಲ್ಲಿಸಿದ್ದ ವ್ಯಾನು, ಕಾರುಗಳನ್ನು ನೀರು ಒಂದರ ಮೇಲೊಂದು ತಳ್ಳಿಕೊಂಡು ಹೋಯಿತು.

ಅರೂರಿನ ಪಕ್ಕದ ಪಾಪಿರೆಡ್ಡಿಪಟ್ಟಿ ಪುದುಚೇರಿಯಿಂದ ನೇರ ಪಶ್ಚಿಮಕ್ಕೆ ಸುಮಾರು 160 ಕಿ.ಮೀ. ದೂರ. ಕಡಲಿಗೂ ಇದಕ್ಕೂ ಏನು ಸಂಬಂಧ ಎನ್ನುವವರು ನದಿಯ ದಾರಿಯನ್ನು ನೋಡಬೇಕು. ಶೇರ್ವರಾಯನ್ ಬೆಟ್ಟದ ಏರ್ಕಾಡಿನ ಇಳಿಜಾರಿನ ನೀರು ವಾಣಿಯಾರು ಹೊಳೆಯಾಗಿ ಈ ತಾಲೂಕಿಗೆ ಇಳಿಯುತ್ತದೆ. ವಾಣಿಯಾರು ಸೇರುವುದು ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿಯನ್ನು, ಅಂದರೆ ತಮಿಳರ ತೆನ್‌ಪೆಣ್ಣೆಯನ್ನು. ಆ ನೀರೆಲ್ಲ ಅದೇ ನದಿಗೆ ಕಟ್ಟಿದ ಸಾತನೂರು ಅಣೆಕಟ್ಟೆಗೆ ಬಂತು. ಡಿಸೆಂಬರ್ 2ರ ನಸುಕಿನಲ್ಲಿ ಅಲ್ಲಿಂದ ಸೆಕೆಂಡಿಗೆ 1.68 ಲಕ್ಷ ಘನ ಅಡಿಯಷ್ಟು ಹೊರಬಿಡಬೇಕಾಯಿತು. ಗಾಳಿ ದಾಟಿ ಹೋಯಿತೆಂದು ಉಸಿರು ಬಿಡುತ್ತಿದ್ದ ವಿಳುಪ್ಪುರಂ, ಕಡಲೂರಿನ ಜನರ ಮನೆಗೆ ಎರಡನೇ ಸಲ ನೀರು ನುಗ್ಗಿದ್ದು ಬೆಟ್ಟದ ಕಡೆಯಿಂದ. ಹಾಗಾಗಿ ಒಳನಾಡಿನ ಮಳೆಯನ್ನು ಲೆಕ್ಕಕ್ಕೆ ಹಿಡಿಯದ ಎಚ್ಚರಿಕೆ ಕರಾವಳಿಯನ್ನೂ ಪೂರ್ತಿ ಕಾಯಲಾರದು.

ಪ್ರಾಣಹಾನಿ ಹೆಚ್ಚು ಕಡಲಂಚಿನಲ್ಲೇ, ಹಣವೂ ಅಲ್ಲೇ ಹೋಗಲಿ ಎಂಬ ವಾದ ಸುಳ್ಳಲ್ಲ. 1999ರ ಚಂಡಮಾರುತಕ್ಕೆ ಒಡಿಶಾದಲ್ಲಿ ಸುಮಾರು 10 ಸಾವಿರ ಜನ ಸತ್ತರು; 2013ರ ಫೈಲಿನ್‌ನಲ್ಲಿ ಲಕ್ಷಾಂತರ ಜನರನ್ನು ಮೊದಲೇ ಸ್ಥಳಾಂತರಿಸಿದ್ದರಿಂದ ಸಾವು ನೂರರೊಳಗೇ ನಿಂತಿತು. ಆದರೆ ಇದೇ ಉದಾಹರಣೆ ನನ್ನ ಮಾತಿಗೂ ಒದಗುತ್ತದೆ: ಜನರನ್ನು ಉಳಿಸಿದ್ದು ಮುನ್ನೆಚ್ಚರಿಕೆ. ಫೆಂಗಲ್‌ ಹೊತ್ತಿನಲ್ಲಿ ತಿರುವಣ್ಣಾಮಲೆಯಲ್ಲಿ ಬೆಟ್ಟ ಕುಸಿದು ಏಳು ಜನ ಸತ್ತರು. ಅದು ಕಡಲಂಚಿನ ಊರಲ್ಲ. ಡಿಸೆಂಬರ್ ಆರಂಭದಲ್ಲಿ ತಮಿಳುನಾಡು ಸರ್ಕಾರ ಕುಟುಂಬಕ್ಕೆ 2,000 ರೂಪಾಯಿ ಘೋಷಿಸಿದ್ದು ವಿಳುಪ್ಪುರಂ, ಕಡಲೂರು, ಕಳ್ಳಕುರಿಚ್ಚಿ ಜಿಲ್ಲೆಗಳಿಗೆ. ಬೆಳೆ ಪರಿಹಾರ ಬೇರೆ, ನಿಜ. ಆದರೂ ಧರ್ಮಪುರಿ, ಕೃಷ್ಣಗಿರಿಗಳು ಆ ಪಟ್ಟಿಯಲ್ಲಿ ಇರಬೇಕಿತ್ತು.

ಅರ್ಧ ಮೀಟರ್ ಮಳೆಗೆ ಯಾವ ಊರು ತಾನೇ ಸಿದ್ಧವಾದೀತು ಎಂಬ ಪ್ರಶ್ನೆ ಉಳಿಯುತ್ತದೆ. ಪೂರ್ತಿ ಸಿದ್ಧವಾಗದು. ಆದರೆ ಒಳನಾಡಿನಲ್ಲಿ ಕರಾವಳಿಯ ಹಾಗೆ ಕಾಂಕ್ರೀಟಿನ ಆಶ್ರಯ ಕಟ್ಟಡಗಳ ಸಾಲು ಬೇಕಿಲ್ಲ. ಕೆರೆ ಕೋಡಿಯ ಕಾಲುವೆ ಒತ್ತುವರಿಯಾಗದಿದ್ದರೆ, ಹಳ್ಳದ ಪಾತ್ರದಲ್ಲಿ ಅಂಗಡಿ ಏಳದಿದ್ದರೆ ನೀರಿಗೊಂದು ದಾರಿ ಸಿಗುತ್ತದೆ. ಬೆಳೆಯನ್ನೂ ಒಂದಿಷ್ಟು ಉಳಿಸಬಹುದು. ಸೇಲಂ, ಧರ್ಮಪುರಿಯ ಸಾಬುದಾನಿ ಮಿಲ್ಲುಗಳಿಗೆ ಹೋಗುವ ಮರಗೆಣಸು ನೀರು ನಿಂತ ಹೊಲದಲ್ಲಿ ಕೆಲವೇ ದಿನಗಳಲ್ಲಿ ಕೊಳೆಯುತ್ತದೆ. ಬಲಿತ ಗಡ್ಡೆಯನ್ನು ಕೀಳಲು ರೈತನಿಗೆ ಎರಡು ದಿನ ಮೊದಲು ಸುದ್ದಿ ಮುಟ್ಟಿದರೆ ಫಸಲಿನ ಒಂದು ಪಾಲಾದರೂ ಕೈಗೆ ಬಂದೀತು. ಅದಕ್ಕೆ ಪುದುಚೇರಿಯ ಗಾಳಿಯ ವೇಗ ತಿಳಿಸಿದರೆ ಸಾಲದು. ಏರ್ಕಾಡಿನಲ್ಲಿ ಎಷ್ಟು ಮಳೆಯಾದೀತು, ವಾಣಿಯಾರು ಅಣೆ ಯಾವಾಗ ತುಂಬೀತು ಎಂಬುದನ್ನು ಊರಿನ ಹೆಸರು ಹಿಡಿದು ಹೇಳಬೇಕು.