ಸೊರಬದ ಸೀಮೆಯಲ್ಲಿ ಬೇಸಾಯವೂ ಶಕ್ತಿವ್ಯಯವೂ

ತಾಳಗುಂದದ ಸ್ತಂಭಶಾಸನವನ್ನು ನಾವು ಕದಂಬ ಮಯೂರಶರ್ಮನ ವೃತ್ತಾಂತಕ್ಕಾಗಿ ಓದುವೆವು. ತರಗತಿಗಳಲ್ಲಿಯೂ ಅಷ್ಟನ್ನೇ ಬೋಧಿಸುವೆವು. ಆದರೆ ಕ್ರಿ. ಶ. 5ನೆಯ ಶತಮಾನದ ನಡುವಣ ಕಾಲದಲ್ಲಿ, ಶಾಂತಿವರ್ಮನ ಆಳಿಕೆಯಲ್ಲಿ, ಕುಬ್ಜಕವಿಯು ಆ ಸಂಸ್ಕೃತ ಕಾವ್ಯವನ್ನು ಕಲ್ಲಿನ ಮೇಲೆ ಬರೆದುದಕ್ಕೆ ನಿಮಿತ್ತವು ಒಂದು ಕೆರೆ. ಕಾಕುತ್ಸ್ಥವರ್ಮನು ಶಿವಾಲಯದ ಬಳಿಯಲ್ಲಿ ಅದನ್ನು ತೋಡಿಸಿದನು. ರಾಜವಂಶದ ಕಥೆಗೆ ಮನಸೋತ ವಿದ್ವಾಂಸರು ಕೆರೆಯನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುವುದು ವಾಡಿಕೆ. ಶಿಕಾರಿಪುರ, ಸೊರಬ ತಾಲ್ಲೂಕುಗಳ ಬೇಸಾಯವನ್ನು ಅರಿಯಬೇಕೆನ್ನುವವರು ಆ ವಾಕ್ಯದಿಂದಲೇ ಆರಂಭಿಸುವುದು ಒಳ್ಳೆಯದು.

ಈ ಸೀಮೆಯಲ್ಲಿ ಕೆರೆಗಳು ಬಹು ದಟ್ಟವಾಗಿವೆ. ಕೆರೆಯೆಂಬುದು ನೀರಿನ ಕಣಜವಷ್ಟೇ ಅಲ್ಲ, ಶಕ್ತಿಯ ಕಣಜವೂ ಹೌದು. ಸಮುದ್ರದ ನೀರನ್ನು ಮೇಲಕ್ಕೆ ಎತ್ತಿದವನು ಸೂರ್ಯ. ಅದನ್ನು ಮಲೆನಾಡಿನ ಎತ್ತರಕ್ಕೆ ತಂದುದು ಮುಂಗಾರು. ಏರಿಯು ಆ ಎತ್ತರವನ್ನು ಕಾಪಾಡುವುದು. ತೂಬನ್ನು ತೆರೆದರೆ ನೀರು ತನ್ನ ಭಾರದಿಂದಲೇ ಗದ್ದೆಗೆ ಹರಿಯುವುದು. ‘ನವೀಕರಿಸಬಹುದಾದ ಶಕ್ತಿ’ ಎಂಬ ಮಾತು ಹೊಸದಾದರೂ ವಸ್ತುವು ಪ್ರಾಚೀನವಾದುದು.

ಕೆರೆಯನ್ನು ಬಿಟ್ಟು ಕೊಳವೆಬಾವಿಗೆ ಹೋದಾಗ ಆಗುವ ವ್ಯತ್ಯಾಸವನ್ನು ಲೆಕ್ಕದಿಂದ ತೋರಿಸಬಹುದು. ಒಂದು ಎಕರೆಗೆ ಒಂದು ಅಂಗುಲ ನೀರು ನಿಲ್ಲಿಸಲು ಸುಮಾರು 1,03,000 ಲೀಟರು ಬೇಕು. ಅಷ್ಟನ್ನು 10 ಮೀಟರು ಎತ್ತುವುದಕ್ಕೆ ಭೌತಶಾಸ್ತ್ರದ ನಿಯಮದಂತೆ 2.8 ಯೂನಿಟ್ಟು ವಿದ್ಯುತ್ತು ಸಾಕು; 100 ಮೀಟರು ಎತ್ತುವುದಕ್ಕೆ 28 ಯೂನಿಟ್ಟು. ಪಂಪೂ ಮೋಟಾರೂ ಕೂಡಿ ಅರ್ಧ ಶಕ್ತಿಯನ್ನು ವ್ಯರ್ಥಮಾಡಿದರೆ ಆ 28 ಎಂಬುದು 56 ಆಗುವುದು. ಕೆರೆಯ ತೂಬಿನಲ್ಲಿ ಈ ಲೆಕ್ಕವು ಸೊನ್ನೆ.

ವ್ಯರ್ಥವಾಗುವುದಕ್ಕೆ ಕಾರಣಗಳು ಹಲವು: ಬಾವಿಯ ಆಳಕ್ಕೆ ಹೊಂದದ ಪಂಪು, ಸುಟ್ಟು ಮತ್ತೆ ತಂತಿ ಸುತ್ತಿಸಿದ ಮೋಟಾರು, ಕಿರಿದಾದ ಕೊಳವೆ. ಕಡೆಯದನ್ನು ರೈತರು ಅಲ್ಪವೆಂದೆಣಿಸುವರು. ಅಷ್ಟೇ ನೀರು ಹರಿಯಬೇಕಾಗಿದ್ದು ಕೊಳವೆಯ ವ್ಯಾಸವನ್ನು ಅರ್ಧಕ್ಕೆ ಇಳಿಸಿದರೆ ಘರ್ಷಣೆಯ ನಷ್ಟವು ಸುಮಾರು 32 ಪಾಲಾಗುವುದು! ಆದರೆ ಈ ನಷ್ಟವು ರೈತನ ಕಣ್ಣಿಗೆ ಬೀಳುವ ಬಗೆಯಿಲ್ಲ. ಏಕೆಂದರೆ ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ 2008ರಿಂದ ವಿದ್ಯುತ್ತು ಉಚಿತವಾಗಿದೆ. ಬಿಲ್ಲು ಬಾರದ ಮನೆಯಲ್ಲಿ ಮಿತವ್ಯಯದ ಉಪದೇಶವನ್ನು ಕೇಳುವವರಾರು? ಸಣ್ಣ ಹಿಡುವಳಿದಾರನಿಗೆ ಈ ಸಹಾಯ ಬೇಡವೆಂದು ನಾವು ಹೇಳುವುದಿಲ್ಲ. ಅದರ ಫಲವನ್ನು ಮರೆಮಾಚಬಾರದೆಂದು ಮಾತ್ರ ಹೇಳುವೆವು.

ಸೌರಪಂಪಿಗೆ ಮಲೆನಾಡು ತಕ್ಕುದಲ್ಲವೆಂದು ಕೆಲವರ ಆಕ್ಷೇಪ: ಮಳೆಗಾಲದ ತಿಂಗಳುಗಳಲ್ಲಿ ಬಿಸಿಲೇ ಇರುವುದಿಲ್ಲವಷ್ಟೆ. ಆಗ ನೀರೆತ್ತುವ ಅಗತ್ಯವೂ ಇರುವುದಿಲ್ಲವೆಂಬುದನ್ನು ಅವರು ಮರೆಯುವರು. ಅಡಕೆಯ ತೋಟಕ್ಕೆ ನೀರು ಬೇಕಾಗುವುದು ಬೇಸಗೆಯಲ್ಲಿ. ಸೂರ್ಯನು ಪ್ರಖರನಾಗುವುದೂ ಆಗಲೇ. ತೋಟದ ನೆರಳು ಬೀಳದ ಬಯಲು ತುಣುಕೊಂದು ಫಲಕಗಳಿಗೆ ದೊರೆಯಬೇಕು. ಅದು ನಿಜವಾದ ತೊಡಕು. ಅದಕ್ಕಿಂತ ದೊಡ್ಡ ಅಪಾಯ ಬೇರೊಂದಿದೆ. ಫಲಕಗಳನ್ನು ಹೂಡಿದ ಮೇಲೆ ಬಿಸಿಲಿಗೆ ಬೆಲೆಯಿಲ್ಲ. ಹಗಲೆಲ್ಲ ಪಂಪು ನಡೆದು ಅಂತರ್ಜಲವು ಬತ್ತಬಹುದು. ಮಿಕ್ಕ ವಿದ್ಯುತ್ತನ್ನು ಮಾರುವ ಅವಕಾಶವಿದ್ದರೆ ನೀರನ್ನು ನೆಲದಲ್ಲಿಯೇ ಬಿಡುವುದೂ ಲಾಭಕರವಾಗುವುದು. ರಾಜ್ಯ ಸರ್ಕಾರವು 2014ರಲ್ಲಿ ಪ್ರಕಟಿಸಿದ ‘ಸೂರ್ಯ ರೈತ’ ಯೋಜನೆಯ ಯುಕ್ತಿ ಇದೇ. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಅದರ ಪ್ರಯೋಗ ನಡೆಯಿತು.

ಇನ್ನು ಬೆಂಕಿಯ ಮಾತು. ಹಸಿ ಅಡಕೆಯನ್ನು ಸುಲಿದು ಚೊಗರಿನಲ್ಲಿ ಬೇಯಿಸಿ ಒಣಗಿಸುವ ಈ ಸೀಮೆಯ ಪದ್ಧತಿಗೆ ಕಟ್ಟಿಗೆ ಹೇರಳವಾಗಿ ಬೇಕು. ಕಟ್ಟಿಗೆ ಬರುವುದು ಕಾಡಿನಿಂದ. ಸೊರಬದ ಕಾನುಗಳು, ಎಂದರೆ ಎಲೆಯುದುರುವ ಕಾಡಿನ ನಡುವೆ ದ್ವೀಪಗಳಂತಿರುವ ನಿತ್ಯಹಸುರಿನ ತೋಪುಗಳು, 1868ರಲ್ಲಿಯೇ ಬ್ರಾಂಡಿಸ್ ಮತ್ತು ಗ್ರ್ಯಾಂಟ್ ಎಂಬ ಅಧಿಕಾರಿಗಳ ಪ್ರತ್ಯೇಕ ವರದಿಗೆ ವಿಷಯವಾಗಿದ್ದುವು. ಕಾನಿನ ನೆರಳು ಹೋದರೆ ನೆಲದ ತೇವ ಹೋಗುವುದು. ಮಣ್ಣು ಕೊಚ್ಚಿ ಕೆರೆಯಲ್ಲಿ ಹೂಳಾಗುವುದು. ಹೀಗೆ ಒಲೆಯಲ್ಲಿ ಉರಿದ ಕಟ್ಟಿಗೆಯ ಬೆಲೆಯನ್ನು ಕೊಳವೆಬಾವಿಯ ಆಳದಲ್ಲಿ ತೆರಬೇಕಾಗಿ ಬರುವುದು.

ಇದಕ್ಕೆ ಪರಿಹಾರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ರೂಪಿಸಿದ ಒಲೆಯು ಗಾಳಿಯನ್ನು ಅಳತೆಯಾಗಿ ಒಳಬಿಟ್ಟು, ಹೊಗೆಯನ್ನು ಕೊಳವೆಯಿಂದ ಹೊರದೂಡಿ, ಸೌದೆಯನ್ನು ಉಳಿಸುವುದು. ಅಡಕೆ ಬೇಯಿಸುವ ದೊಡ್ಡ ಒಲೆಗೂ ತತ್ತ್ವವು ಅದೇ. ಒಣಗಿದ ಅಡಕೆಯ ಸಿಪ್ಪೆಯನ್ನೂ ಅದರಲ್ಲಿ ಉರಿಸಬಹುದು. ಅಡುಗೆಯ ಮಟ್ಟಿಗೆ ಸಗಣಿಯ ಅನಿಲವು ಮೇಲು: 25 ಕಿಲೋ ಸಗಣಿಯಿಂದ ಸುಮಾರು ಒಂದು ಘನಮೀಟರು ಅನಿಲ ದೊರೆಯುವುದು. ನೆರೆಯ ಶಿರಸಿಯ ಹಳ್ಳಿಗಳ ಅನಿಲಸ್ಥಾವರಗಳನ್ನು ಪರೀಕ್ಷಿಸಿ ಭಟ್, ಚಾಣಕ್ಯ, ರವೀಂದ್ರನಾಥರು 2001ರಲ್ಲಿ ಪ್ರಕಟಿಸಿದ ಅಧ್ಯಯನವು ಅಲ್ಲಿಯ ಸಫಲತೆಯನ್ನು ತೋರಿಸಿಕೊಟ್ಟಿತು. ಅನಿಲವು ಹೊರಟುಹೋದ ಬಗ್ಗಡದಲ್ಲಿ ಗೊಬ್ಬರದ ಸಾರಜನಕ ಉಳಿದೇ ಇರುವುದು. ಅದನ್ನು ತೋಟಕ್ಕೆ ಹಾಯಿಸಬಹುದು. ಸೌದೆಯು ಉರಿದರೆ ಉಳಿಯುವುದು ಬೂದಿಯೊಂದೇ.